ಕಾಫಿ ಸಿಪ್ಪೆ ಹಳ್ಳ ಸೇರದಿರಲಿ

ಮಾನ್ಯರೇ,

ಕೊಡಗು, ಚಿಕ್ಕಮಗಳೂರು ಭಾಗದಲ್ಲಿ ಹಣ್ಣಿನಿಂದ ಬೀಜ ಬಿಡಿಸುವ ಪಲ್ಪರ್ ಯಂತ್ರಗಳಿಂದ ಹೊರಬೀಳುವ ಕಾಫಿ ಹಣ್ಣಿನ ಸಿಪ್ಪೆ ಎಷ್ಟೋ ಕಡೆ ಗುಂಡಿಯಲ್ಲೇ ಕೊಳೆಯುತ್ತದೆ, ಇಲ್ಲವೇ ಹಳ್ಳ ಸೇರುತ್ತದೆ. ಇದರಲ್ಲಿರುವ ಕ್ಲೋರೋಜೆನಿಕ್ ಆಮ್ಲ 325 ನ್ಯಾನೋಮೀಟರ್ ಆಸುಪಾಸಿನ ಅತಿನೇರಳೆ ಕಿರಣಗಳನ್ನು ಹೀರುವುದರಿಂದ ಸನ್‌ಸ್ಕ್ರೀನ್‌ಗೆ ಒದಗೀತು. ಆದರೆ ಎಸ್‌ಪಿಎಫ್‌ನ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) ಭಾರ ಹೊರುವುದು ಜಿಂಕ್ ಆಕ್ಸೈಡ್‌ನಂಥ ಘಟಕವೇ. ಸಿಪ್ಪೆಯ ಸಾರ ಅದಕ್ಕೆ ಪೂರಕ ಮಾತ್ರ.

ಸರಕು ಕೆಡುವುದು ತೋಟದಲ್ಲೇ. ರಾಶಿ ಹಾಕಿದ ಹಸಿ ಸಿಪ್ಪೆ ಕೆಲವೇ ಗಂಟೆಗಳಲ್ಲಿ ಕಿಣ್ವಗಳಿಂದ ಕಪ್ಪಾಗಿ, ಆಮ್ಲದ ಅಂಶ ಕುಸಿಯುತ್ತದೆ. ಬೂಷ್ಟು ಹಿಡಿದರೆ ಆಕ್ರಾಟಾಕ್ಸಿನ್ ವಿಷದ ಭಯ ಬೇರೆ. ಅಂದೇ ತೆಳುವಾಗಿ ಹರಡಿ, ತೇವಾಂಶವನ್ನು ಶೇ 12ಕ್ಕಿಂತ ಕೆಳಗಿಳಿಸಬೇಕು. ಇಬ್ಬನಿ ಬೀಳುವ ಕೊಯ್ಲಿನ ದಿನಗಳಲ್ಲಿ ಸಣ್ಣ ಬೆಳೆಗಾರರಿಗೆ ಇದು ಕಷ್ಟ. ಕಾಫಿ ಮಂಡಳಿಯು ಹೋಬಳಿಗೊಂದು ಸಾಮೂಹಿಕ ಡ್ರೈಯರ್ ಒದಗಿಸಿ, ತೂಕದ ಬದಲು ಆಮ್ಲದ ಅಂಶ ಆಧರಿಸಿ ದರ ಸಿಗುವಂತೆ ಮಾಡಲಿ.

– ಓದುಗ, ಚಿಕ್ಕಮಗಳೂರು