ಕೆನಡಾದ ರಿಹ್ಯಾಬಿಲಿಟೇಷನ್ ಮಂಜೂರಾತಿ: ಕಡತಕ್ಕೆ ಹೆಗಲು ಕೊಟ್ಟವರಿಗೆಲ್ಲ ವಂದನೆ

ಹಳೆಯ ಕ್ರಿಮಿನಲ್ ಪ್ರಕರಣವೊಂದರಿಂದಾಗಿ ನಿಂತುಹೋಗಿದ್ದ ಕೆನಡಾ ವಲಸೆಗೆ ದಾರಿ ತೆರೆದಿದೆ. ಹಳೆಯ ಅಪರಾಧ ಇನ್ನು ಕೆನಡಾ ಪ್ರವೇಶಕ್ಕೆ ಅಡ್ಡಿಯಾಗದಂತೆ ಮಾಡುವ ಕ್ರಿಮಿನಲ್ ರಿಹ್ಯಾಬಿಲಿಟೇಷನ್ ಅರ್ಜಿ ಮಂಜೂರಾಗಿದೆ. ಅರ್ಜಿದಾರರ ಹೆಸರು, ವಿವರ ಇಲ್ಲಿ ಬರುವುದಿಲ್ಲ, ಬರಲೂಬಾರದು. ಆದರೆ ಆ ಕಡತಕ್ಕಾಗಿ ದುಡಿದವರಿಗೆ ನಾಲ್ಕು ಜನರ ಮುಂದೆ ಧನ್ಯವಾದ ಹೇಳಲೇಬೇಕು. ಯಾರ ಕೆಲಸ ಎಲ್ಲಿ, ಯಾಕೆ ಉಪಯೋಗಕ್ಕೆ ಬಂತು ಎಂಬುದನ್ನೂ ಬಿಡಿಸಿ ಬರೆಯುತ್ತಿದ್ದೇವೆ. ಇದೇ ದಾರಿಯಲ್ಲಿ ನಡೆಯುತ್ತಿರುವ ಇನ್ನೊಬ್ಬರಿಗೆ ಅದರಿಂದ ಅನುಕೂಲವಾದೀತು.

ಮೊದಲ ನಮಸ್ಕಾರ ಕೋರ್ಟಿನ ನಕಲು ಶಾಖೆ ಮತ್ತು ರೆಕಾರ್ಡ್ ರೂಮಿನ ಸಿಬ್ಬಂದಿಗೆ. ಈ ಅರ್ಜಿಯ ಬುನಾದಿಯೇ ಅವರು ಕೊಡುವ ದೃಢೀಕೃತ ನಕಲು. ಇತ್ತೀಚಿನ ಪ್ರಕರಣವಾದರೆ ಪ್ರತಿ ಪ್ರಕರಣಕ್ಕೂ ಕೊಡುವ 16 ಅಕ್ಷರ-ಅಂಕಿಗಳ ಸಿಎನ್ಆರ್ ನಂಬರ್ ಹಾಕಿದರೆ ಕೋರ್ಟುಗಳ ಜಾಲತಾಣವಾದ ಇ-ಕೋರ್ಟ್ಸ್‌ನಲ್ಲಿ ವಿವರ ಸಿಗುತ್ತದೆ. ಕಂಪ್ಯೂಟರ್ ಬರುವ ಮುಂಚಿನ ಪ್ರಕರಣಕ್ಕೆ ಕೋರ್ಟು ಕೊಟ್ಟ ಕೇಸ್ ಸಂಖ್ಯೆಯಾದ ಸಿ.ಸಿ. ನಂಬರ್, ವರ್ಷ, ಯಾವ ಕೋರ್ಟು ಎಂಬುದು ಬೇಕು. ಅದೂ ಗೊತ್ತಿಲ್ಲದಿದ್ದರೆ ಠಾಣೆಯ ಕ್ರೈಂ ನಂಬರಿನಿಂದ ಹಿಂದಕ್ಕೆ ಹುಡುಕುತ್ತಾ ಬರಬೇಕು. ಬೇಕಾಗುವ ಕಾಗದಗಳು ಎಫ್ಐಆರ್, ಚಾರ್ಜ್‌ಶೀಟ್, ತೀರ್ಪು, ಆರ್ಡರ್ ಶೀಟ್, ದಂಡ ಕಟ್ಟಿದ ರಸೀದಿ. ತಪ್ಪೊಪ್ಪಿಕೊಂಡು ದಂಡ ಕಟ್ಟಿದ ಪ್ರಕರಣಗಳಲ್ಲಿ ಉದ್ದನೆಯ ತೀರ್ಪು ಇರುವುದಿಲ್ಲ. ಆರೋಪಿ ಹಾಜರು, ತಪ್ಪೊಪ್ಪಿಕೊಂಡ, ಇಷ್ಟು ದಂಡ ಎಂದು ಆರ್ಡರ್ ಶೀಟಿನಲ್ಲಿ ಎರಡು ಮೂರು ಸಾಲು ಇದ್ದರೆ ಅದೇ ತೀರ್ಪು. ರಸೀದಿ ಕಳೆದುಹೋಗಿದ್ದರೆ ದಂಡ ಪಾವತಿಯಾಯಿತೆಂದು ಅದೇ ಹಾಳೆಯಲ್ಲಿ ಬರೆದ ಸಾಲೇ ಆಧಾರ. ಆ ಸಾಲಿನ ತಾರೀಖು ಏಕೆ ಮುಖ್ಯವೆಂದು ಮುಂದೆ ಹೇಳುತ್ತೇವೆ. ಕಡತ ಅವಧಿ ಮುಗಿದು ನಾಶವಾಗಿದ್ದರೆ ‘ಇಲ್ಲ’ ಎಂಬ ಬಾಯಿಮಾತು ಕೇಳಿಕೊಂಡು ವಾಪಸು ಬರಬೇಡಿ. ಲಿಖಿತ ಅರ್ಜಿ ಕೊಟ್ಟು, ದಾಖಲೆ ನಾಶಪಡಿಸಲಾಗಿದೆ ಎಂಬ ಹಿಂಬರಹವನ್ನು ಮೊಹರು ಸಮೇತ ಪಡೆಯಿರಿ.

ಠಾಣೆಯ ರೈಟರ್ ಅವರಿಗೂ, ಪಾಸ್‌ಪೋರ್ಟ್ ಕಚೇರಿಯ ಸಿಬ್ಬಂದಿಗೂ ಕೃತಜ್ಞತೆ. ಶಾಶ್ವತ ನಿವಾಸದ ಅರ್ಜಿಗೆ ಕಳೆದ 10 ವರ್ಷಗಳಲ್ಲಿ ಸತತ 6 ತಿಂಗಳು ಅಥವಾ ಹೆಚ್ಚು ವಾಸವಿದ್ದ ಪ್ರತಿಯೊಂದು ದೇಶದ ಪೊಲೀಸ್ ಪ್ರಮಾಣಪತ್ರ ಬೇಕು. 18 ತುಂಬುವ ಮೊದಲಿನ ಕಾಲ ಇದಕ್ಕೆ ಲೆಕ್ಕವಿಲ್ಲ. ಪ್ರಮಾಣಪತ್ರ ಚೊಕ್ಕವಾಗಿ ಬಂತೆಂದು ಹಳೆಯ ಪ್ರಕರಣ ಇಲ್ಲವಾಗುವುದಿಲ್ಲ. ವೀಸಾ ಫಾರಂ ಕೇಳುವ ಪ್ರಶ್ನೆಯೇ ಬೇರೆ, ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಇನ್ನು ವಕೀಲರು. ಇವರ ಋಣ ದೊಡ್ಡದು, ಏಕೆಂದರೆ ಹೆಚ್ಚಿನವರು ಎಡವುವುದು ಇವರ ಕೆಲಸವಿರುವ ಜಾಗದಲ್ಲೇ. ಭಾರತದಲ್ಲಿ ಎಷ್ಟು ಶಿಕ್ಷೆಯಾಯಿತು ಎಂಬುದು ಕೆನಡಾದ ಅಧಿಕಾರಿಗೆ ಮುಖ್ಯ ಪ್ರಶ್ನೆಯಲ್ಲ. ಅದೇ ಕೃತ್ಯ ಕೆನಡಾದಲ್ಲಿ ನಡೆದಿದ್ದರೆ ಅಲ್ಲಿನ ಯಾವ ಕಲಂ ಅಡಿ ಬರುತ್ತಿತ್ತು, ಆ ಕಲಮಿಗೆ ಗರಿಷ್ಠ ಶಿಕ್ಷೆ ಎಷ್ಟು ಎಂದು ಅವರು ನೋಡುತ್ತಾರೆ. ಗರಿಷ್ಠ 10 ವರ್ಷ ಅಥವಾ ಮೇಲಿದ್ದರೆ ಕೆನಡಾದ ವಲಸೆ ಕಾಯ್ದೆಯ 36ನೇ ಕಲಮಿನಲ್ಲಿ ಅದು ಗಂಭೀರ ಅಪರಾಧ. ಇಲ್ಲಿ ಸಾವಿರ ರೂಪಾಯಿ ದಂಡ ಕಟ್ಟಿ ಮುಗಿಸಿದ್ದು ಅಲ್ಲಿ ಗಂಭೀರವಾಗಬಹುದು. ಇಲ್ಲಿ ವರ್ಷಗಟ್ಟಲೆ ಅಲೆದಾಡಿಸಿದ ಪ್ರಕರಣ ಅಲ್ಲಿ ಅಪರಾಧವೇ ಅಲ್ಲದಿರಬಹುದು.

ಕುಡಿದು ಗಾಡಿ ಓಡಿಸಿದ ಪ್ರಕರಣವನ್ನೇ ನೋಡಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿಗೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮದ್ಯಸಾರ ಮೀರಿದರೆ ಸಾಕು. ಕೆನಡಾದ ಕ್ರಿಮಿನಲ್ ಮಿತಿ 80. ಹಾಗಾಗಿ ಊದಿಸಿದ ಯಂತ್ರದಿಂದ ಬಂದ ಚೀಟಿಯಲ್ಲಿ 46 ಎಂದಿದೆಯೋ 146 ಎಂದಿದೆಯೋ ಎನ್ನುವುದು ಇಡೀ ಕಡತದ ದಿಕ್ಕನ್ನೇ ಬದಲಿಸುತ್ತದೆ. ಚಾರ್ಜ್‌ಶೀಟಿನ ಜೊತೆ ಆ ಚೀಟಿಯ ನಕಲನ್ನೂ ಕೇಳಿ ಪಡೆಯಬೇಕು. ಬರೀ ಅಂಕಿ ಕಡಿಮೆ ಇದ್ದರೂ ಸಾಲದು. ಅಮಲಿನಿಂದ ಚಾಲನಾ ಸಾಮರ್ಥ್ಯ ಕುಂದಿತ್ತು ಎಂಬುದೂ ಅಲ್ಲಿ ಪ್ರತ್ಯೇಕ ಆಧಾರ. ಆದ್ದರಿಂದ ಅಪಘಾತವಾಗಿರಲಿಲ್ಲ, ಗಾಡಿ ಅಡ್ಡಾದಿಡ್ಡಿ ಓಡಿರಲಿಲ್ಲ ಎನ್ನುವುದು ಕಾಗದದಲ್ಲಿ ಕಾಣುವಂತಿದ್ದರೆ ಅದನ್ನೂ ಎತ್ತಿ ತೋರಿಸಬೇಕು. ತಾರೀಖೂ ಅಷ್ಟೇ ಮುಖ್ಯ. 2018ರ ಡಿಸೆಂಬರ್ 18ರಿಂದ ಈ ಅಪರಾಧದ ಗರಿಷ್ಠ ಶಿಕ್ಷೆಯನ್ನು ಕೆನಡಾ 10 ವರ್ಷಕ್ಕೇರಿಸಿತು. ಅದಕ್ಕೂ ಹಿಂದಿನ ಕೃತ್ಯಕ್ಕೆ ಹಳೆಯ ಅಳತೆ.

ಹಳೆಯ ಭಾರತೀಯ ದಂಡ ಸಂಹಿತೆಯ ವಂಚನೆಯ ಕಲಂ 420ರಲ್ಲಿ ನಿರ್ಣಾಯಕವಾಗುವುದು ಹಣದ ಮೊತ್ತ. 5,000 ಕೆನಡಾ ಡಾಲರ್ ಮೀರಿದರೆ ಅಲ್ಲಿ ಗರಿಷ್ಠ 14 ವರ್ಷ, ಮೀರದಿದ್ದರೆ 2 ವರ್ಷ. ತೀರ್ಪಿನಲ್ಲಿ ಮೊತ್ತ ಸ್ಪಷ್ಟವಿಲ್ಲದಿದ್ದರೆ ಮೂಲ ದೂರನ್ನು ತೆಗೆಸಬೇಕು. ಚೆಕ್ ಬೌನ್ಸಿನ ಕಲಂ 138 ಬೇರೆ ಬಗೆ. ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ಮರಳಿತು ಎಂಬುದಷ್ಟೇ ಕೆನಡಾದಲ್ಲಿ ಅಪರಾಧವಲ್ಲ, ಮೋಸ ಮಾಡುವ ಉದ್ದೇಶವಿರಬೇಕು. ಇಂಥ ಹೋಲಿಕೆಯನ್ನು ಎರಡೂ ದೇಶಗಳ ಕಲಂಗಳನ್ನು ಅಕ್ಕಪಕ್ಕ ಇಟ್ಟು, ಎರಡು ಮೂರು ಪುಟಗಳಲ್ಲಿ ವಕೀಲರು ಬರೆದುಕೊಟ್ಟರೆ ಅಧಿಕಾರಿ ತಾನಾಗಿ ಊಹಿಸಿಕೊಳ್ಳುವ ಪ್ರಸಂಗ ಬರುವುದಿಲ್ಲ.

ಪ್ರಕರಣ ಹೇಗೆ ಮುಗಿಯಿತು ಎಂಬುದರಲ್ಲೂ ಬಹಳ ಗೊಂದಲವಿದೆ. ಖುಲಾಸೆಯಾದರೆ ಶಿಕ್ಷೆಯಿಲ್ಲ. ಕಾನೂನುಬದ್ಧ ರಾಜಿಯಾದರೆ ಅದರ ಪರಿಣಾಮವೂ ಖುಲಾಸೆಯೇ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 320(8) ಹಾಗೆ ಹೇಳುತ್ತದೆ. ಆ ಕಲಮಿನ ಪ್ರತಿಯನ್ನೂ ಲಗತ್ತಿಸಿ. ಹೈಕೋರ್ಟ್ ರದ್ದುಪಡಿಸಿದ್ದರೆ ಆ ಆದೇಶ ಇಡಿ. ಆದರೆ ಬೇಗ ಮುಗಿಯಲಿ ಎಂದು ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದು, ಎಷ್ಟೇ ಸಣ್ಣ ಮೊತ್ತವಿರಲಿ, ಶಿಕ್ಷೆಯೇ. ‘ಕೇಸ್ ಕ್ಲೋಸ್ ಆಯಿತು’ ಎಂಬ ಮಾತನ್ನು ನಂಬಿ ಕುಳಿತವರು ಕಡತ ತೆಗೆದಾಗ ಗಾಬರಿಯಾಗುವುದು ಇಲ್ಲೇ.

ಈಗ ಆ ದಂಡದ ತಾರೀಖಿನ ವಿಷಯ. ಐಎಂಎಂ 1444 ಎಂಬ ರಿಹ್ಯಾಬಿಲಿಟೇಷನ್ ಅರ್ಜಿ ಹಾಕಲು ಕೃತ್ಯ ನಡೆದ ದಿನದಿಂದ ಮಾತ್ರವಲ್ಲ, ಶಿಕ್ಷೆ ಪೂರ್ತಿ ಮುಗಿದ ದಿನದಿಂದಲೂ 5 ವರ್ಷ ಕಳೆದಿರಬೇಕು. ದಂಡವಾದರೆ ಕಟ್ಟಿದ ದಿನ, ಜೈಲಾದರೆ ಅವಧಿ ಮುಗಿದ ದಿನ, ಪ್ರೊಬೇಷನ್ ಇದ್ದರೆ ಅದು ಮುಗಿದ ದಿನ, ಗಾಡಿ ಓಡಿಸಬಾರದೆಂಬ ನಿಷೇಧವಿದ್ದರೆ ಅದು ಕೊನೆಯಾದ ದಿನದಿಂದ ಎಣಿಕೆ. ಗಂಭೀರವಲ್ಲದ ಒಂದೇ ಒಂದು ಅಪರಾಧವಿದ್ದು, ಶಿಕ್ಷೆ ಮುಗಿದು 10 ವರ್ಷ ಕಳೆದಿದ್ದರೆ ಈ ಅರ್ಜಿ ಇಲ್ಲದೆಯೇ ಸುಧಾರಿಸಿದವರೆಂದು ಪರಿಗಣಿಸಲು ಅವಕಾಶವಿದೆ. ಗಂಭೀರ ವರ್ಗಕ್ಕೆ ಎಷ್ಟು ವರ್ಷ ಕಳೆದರೂ ಈ ಸೌಲಭ್ಯವಿಲ್ಲ, ಅರ್ಜಿ ಹಾಕಲೇಬೇಕು, ಶುಲ್ಕವೂ ಸುಮಾರು ಐದು ಪಟ್ಟು. 5 ವರ್ಷ ತುಂಬದೆ ತುರ್ತಾಗಿ ಹೋಗಬೇಕಾದವರಿಗೆ ತಾತ್ಕಾಲಿಕ ನಿವಾಸ ಪರವಾನಗಿ ಇದೆ. ಅದು ಆ ಅವಧಿಗಷ್ಟೇ, ಅಡ್ಡಿ ಹಾಗೇ ಉಳಿಯುತ್ತದೆ.

ಅನುವಾದಕರಿಗೆ ವಿಶೇಷ ವಂದನೆ. ಕನ್ನಡದ ಆರ್ಡರ್ ಶೀಟಿನ ಕೈಬರಹ, ಅಂಚಿನ ಷರಾ, ಮೊಹರಿನೊಳಗಿನ ಅಕ್ಷರ, ಯಾವುದನ್ನೂ ಬಿಡದೆ ಇಂಗ್ಲಿಷಿಗೆ ತಂದುಕೊಟ್ಟರು. ಮೊಹರನ್ನು ಅನುವಾದಿಸಿಲ್ಲವೆಂದೇ ಕಾಗದ ಅಪೂರ್ಣವೆನಿಸಿಕೊಳ್ಳುವುದುಂಟು. ಅನುವಾದದ ಜೊತೆ ಅನುವಾದಕರ ಅಫಿಡವಿಟ್ ಮತ್ತು ಮೂಲದ ದೃಢೀಕೃತ ಪ್ರತಿ ಇರಬೇಕು. ಮನೆಯವರು ಅನುವಾದ ಮಾಡುವಂತಿಲ್ಲ, ಅದೇ ಅವರ ವೃತ್ತಿಯಾಗಿದ್ದರೂ ಸರಿಯೇ. ಕೋರ್ಟಿನ ಕಾಗದದಲ್ಲಿ ತಂದೆಯ ಹೆಸರು ಸೇರಿಸಿ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಹಾಕಿ ಬರೆದಿದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಬೇರೆಯಾಗಿ ಬೇಕು.

ಶಿಫಾರಸು ಪತ್ರ ಬರೆದುಕೊಟ್ಟ ಮಾಲೀಕರಿಗೆ, ಮೇಷ್ಟ್ರಿಗೆ, ನೆರೆಯವರಿಗೆ ನಾವು ತಲೆಬಾಗುತ್ತೇವೆ. ಇನ್ನೊಬ್ಬರ ಶಿಕ್ಷೆಯ ವಿಷಯ ಗೊತ್ತಿದ್ದೂ ಸ್ವಂತ ಹೆಸರು, ಸಹಿ ಹಾಕಿ ಅವರ ಪರವಾಗಿ ಬರೆಯುವುದು ಸುಲಭದ ಮಾತಲ್ಲ. ‘ಬಹಳ ಒಳ್ಳೆಯವರು’ ಎಂಬ ಪತ್ರಕ್ಕೆ ತೂಕವಿಲ್ಲ. ಪ್ರಕರಣ ನನಗೆ ಗೊತ್ತಿದೆ, ಇಷ್ಟು ವರ್ಷದಿಂದ ಇವರನ್ನು ಬಲ್ಲೆ, ಆಮೇಲೆ ಇವರು ಬದುಕಿದ ರೀತಿ ಇದು ಎಂದು ಬರೆದ ಪತ್ರವನ್ನು ಅಧಿಕಾರಿ ನಿಂತು ಓದುತ್ತಾರೆ. ಕುಡಿತ ಬಿಟ್ಟಿದ್ದರೆ ಚಿಕಿತ್ಸೆಯ ದಾಖಲೆ, ನಷ್ಟ ತುಂಬಿಕೊಟ್ಟಿದ್ದರೆ ಬ್ಯಾಂಕಿನ ರಸೀದಿ, ಸ್ಥಿರವಾದ ಕೆಲಸವಿದ್ದರೆ ವೇತನ ಪತ್ರ ಸೇರಿಸಬೇಕು. ಇನ್ನೊಮ್ಮೆ ಹೀಗಾಗುವುದಿಲ್ಲ ಎಂಬ ನಂಬಿಕೆ ಹುಟ್ಟುವುದು ಇಂಥ ಕಾಗದಗಳಿಂದ.

ಕೊನೆಯದಾಗಿ ಅರ್ಜಿದಾರರ ಮನೆಯವರಿಗೆ ವಂದನೆ. ಮುಚ್ಚಿಟ್ಟುಬಿಡೋಣ ಎಂಬ ಸಲಹೆ ಹತ್ತು ಕಡೆಯಿಂದ ಬರುವಾಗ ಅವರು ನಿಜ ಹೇಳುವುದರ ಪರ ನಿಂತರು. ವೀಸಾ ಫಾರಂ ಶಿಕ್ಷೆಯನ್ನಷ್ಟೇ ಕೇಳುವುದಿಲ್ಲ. ಬಂಧನ, ಆರೋಪಪಟ್ಟಿಯ ಬಗ್ಗೆಯೂ ಕೇಳುತ್ತದೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದೇ ವಲಸೆ ಕಾಯ್ದೆಯ 40ನೇ ಕಲಮಿನಡಿ 5 ವರ್ಷ ಬಾಗಿಲು ಮುಚ್ಚುತ್ತದೆ, ಮೂಲ ಪ್ರಕರಣ ಎಷ್ಟೇ ಚಿಕ್ಕದಾಗಿದ್ದರೂ. ತೀರ್ಮಾನಕ್ಕೆ ಒಂದು ವರ್ಷಕ್ಕೂ ಮೀರಿ ಕಾಯಬೇಕಾಗಬಹುದು, ಆ ಕಾಲವನ್ನು ಅವರು ಸಹನೆಯಿಂದ ಕಳೆದರು.

ಮಂಜೂರಾತಿ ಸಿಕ್ಕವರು ಒಂದನ್ನು ಗಮನದಲ್ಲಿಡಿ. ಮುಂದಿನ ಪ್ರತಿ ಫಾರಂನಲ್ಲೂ ಬಂಧನ, ಆರೋಪ, ಶಿಕ್ಷೆಯ ಆ ಪ್ರಶ್ನೆಗೆ ಉತ್ತರ ‘ಹೌದು’ ಎಂದೇ ಇರಬೇಕು. ಕೆಳಗಿನ ವಿವರಣೆಯಲ್ಲಿ ರಿಹ್ಯಾಬಿಲಿಟೇಷನ್ ಮಂಜೂರಾದ ತಾರೀಖು ಬರೆದು, ಪತ್ರದ ಪ್ರತಿಯನ್ನು ಲಗತ್ತಿಸಿ.