ಕೊಂಡಿ ಹಾಕಿ ಕೊಟ್ಟವರಿಗೆ

ಹೋದ ಗುರುವಾರ ಮಧ್ಯಾಹ್ನ ಸೊಸೈಟಿಯಲ್ಲಿ ದಿನದ ಲೆಕ್ಕ ಹೊಂದಿಸುತ್ತಾ ಕೂತಿದ್ದೆ. ಬೆಂಗಳೂರಿನಿಂದ ಒಂದು ಸ್ಪೀಡ್ ಪೋಸ್ಟ್ ಬಂತು. ಒಳಗಿದ್ದದ್ದು ನನ್ನ ಮೊದಲ ಕಾದಂಬರಿಯ ಕರಾರುಪತ್ರ, ಪ್ರಕಾಶಕರ ಸಹಿ ಬಿದ್ದದ್ದು. ಮೊದಲ ಮುದ್ರಣ 1000 ಪ್ರತಿ, ಮುಖಬೆಲೆಯ ಮೇಲೆ ನನಗೆ ಶೇ 10 ಗೌರವಧನ. ನನ್ನ ಹೆಸರಿನ ಪಕ್ಕದಲ್ಲಿ 'ಲೇಖಕಿ' ಅಂತ ಇತ್ತು. ಅದೊಂದು ಪದವನ್ನು ಎಷ್ಟು ಸಲ ಓದಿದೆನೋ.

7 ವರ್ಷ ಹಿಡಿಯಿತು. 11 ಕಡೆಯಿಂದ ವಾಪಸ್ ಬಂತು. ಮೂರು ಸಲ ಮೊದಲಿಂದ ಬರೆದೆ. ಇಷ್ಟು ದಿನ ನನ್ನನ್ನು ತಡೆದುಕೊಂಡವರಿಗೆ ನಾಲ್ಕು ಮಾತು ಹೇಳದೆ ಇದ್ದರೆ ನನಗೆ ನಿದ್ದೆ ಬರಲ್ಲ.

ಮೊದಲು ಅವ್ವ. ನಮ್ಮ ಮನೆಗೆ ಸುಧಾ, ತರಂಗ ಬರುತ್ತಿದ್ದದ್ದು ಬೇರೆಯವರು ಓದಿ ಬಿಟ್ಟ ಮೇಲೆ. ಅವ್ವ ಧಾರಾವಾಹಿಯ ಹಾಳೆಗಳನ್ನಷ್ಟೇ ಜೋಪಾನವಾಗಿ ಬಿಡಿಸಿ, ವಾರದ ಪ್ರಕಾರ ಜೋಡಿಸಿ, ದಬ್ಬಣದಿಂದ ತೂತು ಹಾಕಿ, ಪಕ್ಕದ ಮನೆಯ ಮಗ್ಗದಲ್ಲಿ ಉಳಿದ ರೇಷ್ಮೆ ಎಳೆಯಿಂದ ಹೊಲಿಯುತ್ತಿದ್ದಳು. ಮೇಲೆ ಹಳೇ ಕ್ಯಾಲೆಂಡರಿನ ರಟ್ಟು. ಯಾವುದಾದರೂ ವಾರದ ಸಂಚಿಕೆ ಸಿಗದಿದ್ದರೆ ಆ ಜಾಗದಲ್ಲಿ ಒಂದು ಖಾಲಿ ಹಾಳೆ ಸೇರಿಸುತ್ತಿದ್ದಳು. ಓದುತ್ತಾ ಅಲ್ಲಿಗೆ ಬಂದಾಗ, "ಇಲ್ಲಿ ಏನಾಗಿರಬೇಕು, ನೀ ಹೇಳು" ಅನ್ನುತ್ತಿದ್ದಳು. ನಾನು ಕಥೆ ಕಟ್ಟಲು ಕಲಿತದ್ದು ಆ ಖಾಲಿ ಹಾಳೆಗಳ ಮುಂದೆ ಕೂತು. ಅವ್ವ ಈಗಿಲ್ಲ. ಪುಸ್ತಕದ ಅರ್ಪಣೆ ಅವಳಿಗೆ.

ಪ್ರೇಮಕಥೆ ಅಂದ ಕೂಡಲೇ ಕೆಲವರು ಹಸ್ತಪ್ರತಿ ತೆರೆಯಲೇ ಇಲ್ಲ. "ಇದೆಲ್ಲ ಟಿವಿಯಲ್ಲೇ ಬರ್ತದಲ್ಲ, ಪುಸ್ತಕ ಯಾಕೆ?" ಅಂದರು ಒಬ್ಬರು. ನನಗೆ ಆಗಲೂ ಹಾಗನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಇಬ್ಬರು ಒಬ್ಬರನ್ನೊಬ್ಬರು ಮೆಚ್ಚಿ, ಸಾಲ, ಜಾತಿ, ಮನೆಯ ಹಿರಿಯರು ಎಲ್ಲ ದಾಟಿ ಒಂದೇ ತಾಟಿನಲ್ಲಿ ಉಣ್ಣುವ ತನಕ ಬರುವುದು ಸಣ್ಣ ವಿಷಯ ಅಲ್ಲ, ಅಲ್ವಾ? ಅದನ್ನು ಬರೆಯಬೇಕು ಅಂತಲೇ ಕೂತವಳು ನಾನು.

ಬೇಡ ಅಂದವರಲ್ಲಿ ಒಬ್ಬ ಸಂಪಾದಕಿಗೆ ನಾನು ಋಣಿ. ಅವರೊಬ್ಬರೇ ಕಾರಣ ಬರೆದರು. "ನಿಮ್ಮ ನಾಯಕಿ ನೇಕಾರರ ಮನೆಯವಳು ಅಂತೀರಿ. ಅವಳ ಕೈ ನನಗೆ ಕಾಣಲಿಲ್ಲ." ಎರಡೇ ಸಾಲು. ಒಂದು ವಾರ ಅತ್ತೆ. ಆಮೇಲೆ ಹಸ್ತಪ್ರತಿ ಹಿಡಿದು ನಮ್ಮ ಓಣಿಯ ಚಿಗವ್ವನ ಮನೆಗೆ ಹೋದೆ.

ಇಳಕಲ್ಲಿನಲ್ಲೇ ಹುಟ್ಟಿ ಬೆಳೆದವಳು ನಾನು. ದಿನಾ ಮಗ್ಗದ ಸದ್ದು ಕೇಳಿಕೊಂಡೇ ಎದ್ದವಳು. ಆದರೂ ನನ್ನ ಕಥೆಯಲ್ಲಿ ನಾಯಕಿ ಮದುವೆಯ ಹಿಂದಿನ ರಾತ್ರಿ ಅರ್ಧ ಗಂಟೆಯಲ್ಲಿ ಸೀರೆಯ ಮೈಗೆ ಸೆರಗಿನ ಎಳೆಗಳನ್ನು ಗಂಟು ಹಾಕಿ ಮುಗಿಸುತ್ತಿದ್ದಳು. ಅದನ್ನು ನಾನು ಓದಿ ಹೇಳಿದಾಗ ಚಿಗವ್ವ ಕಂಡಿಕೆಗೆ ನೂಲು ಸುತ್ತುವುದನ್ನು ನಿಲ್ಲಿಸಿದಳು. "ಗಂಟು ಅಲ್ಲವ್ವಾ ಅದು. ಕೊಂಡಿ."

ಆಮೇಲೆ ತೋರಿಸಿದಳು. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು. ಇಳಕಲ್ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಮೈ ಹತ್ತಿಯದಾದರೂ ಸೆರಗು ರೇಷ್ಮೆ. ಈ ಕಡೆಯ ಎಳೆ, ಆ ಕಡೆಯ ಎಳೆ ಒಂದರೊಳಗೊಂದು ಕೊಂಡಿಯಾಗಿ ಕೂಡಬೇಕು. ಒಂದು ಸೀರೆ ಮುಗಿದರೆ ಮುಂದಿನದಕ್ಕೆ ಮತ್ತೆ ಹೊಸ ಹಾಸು. ಒಂದೇ ಹಾಸಿನಲ್ಲಿ ಸುಮ್ನೆ ಸಾಲಾಗಿ ಇಳಿಸುತ್ತಾ ಹೋಗುವ ಹಾಗಿಲ್ಲ. ಚಿಗವ್ವ ನನ್ನ ಬೆರಳು ಹಿಡಿದು ಕಲಿಸಿದಳು. ಮಧ್ಯಾಹ್ನವೆಲ್ಲ ಕೂತು ನಾನು ಹಾಕಿದ ಕೊಂಡಿಗಳಲ್ಲಿ ಜಾಸ್ತಿ ಜಾರಿ ಬಿಚ್ಚಿಕೊಂಡವು. ಅವಳು ಬೇಜಾರಿಲ್ಲದೆ ಮತ್ತೆ ಹಾಕಿದಳು. ಅವಳ ತೋರುಬೆರಳಿನ ತುದಿಯಲ್ಲಿ ಎಳೆ ಓಡಾಡಿ ಓಡಾಡಿ ಒಂದು ಸಣ್ಣ ಗೆರೆ ಬಿದ್ದಿದೆ, ಅದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಆ ಅಧ್ಯಾಯ ಪೂರ್ತಿ ಬದಲಾಯಿತು. ಅರ್ಧ ಗಂಟೆಯ ಕೆಲಸ ದಿನಗಟ್ಟಲೆ ಆಯಿತು. ಎದುರಿಗೆ ಕೂತು ಎಳೆ ಎತ್ತಿ ಕೊಡಲು ನಾಯಕ ಬಂದ. ಅವರಿಬ್ಬರೂ ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡುವುದು ಈಗ ಅಲ್ಲೇ, ಎಳೆ ಎಣಿಸುತ್ತಾ, ಲೆಕ್ಕ ತಪ್ಪುತ್ತಾ. ಪುಸ್ತಕ ಒಪ್ಪಿದ ಪ್ರಕಾಶಕರು ಫೋನಿನಲ್ಲಿ ಮೊದಲು ಮಾತಾಡಿದ್ದು ಈ ಅಧ್ಯಾಯದ ಬಗ್ಗೆ.

ಬಸ್ ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯ ತಮ್ಮನಿಗೂ ಥ್ಯಾಂಕ್ಸ್. ನಾನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ಎರಡು ಕಡೆ ಕಳಿಸಿದ್ದೆ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ, ನನ್ನ ಕಥೆಯೆಲ್ಲ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ತೆರೆದುಕೊಂಡಿತ್ತು. ನನಗೆ ಗೊತ್ತಾಗಿದ್ದು ತಿಂಗಳುಗಳ ಮೇಲೆ. ಈ ಹುಡುಗ ಪೂರ್ತಿ ಯೂನಿಕೋಡ್‌ಗೆ ಬದಲಿಸಿ, ಬದಲಿಸುವಾಗ ಕೆಟ್ಟ ಒತ್ತಕ್ಷರಗಳನ್ನು ಒಂದೊಂದಾಗಿ ಸರಿಮಾಡಿ ಕೊಟ್ಟ. ಫೋನಿನಲ್ಲೇ ಕನ್ನಡ ಟೈಪ್ ಮಾಡುವುದನ್ನೂ ಕಲಿಸಿದ. ಮೂರನೇ ಸಲದ ಬರಹ ಪೂರ್ತಿ ಫೋನಿನಲ್ಲೇ ಆಗಿದ್ದು, ರಾತ್ರಿ ಮಕ್ಕಳು ಮಲಗಿದ ಮೇಲೆ. ಅಷ್ಟೂ ವರ್ಷ ರಾತ್ರಿಯ ಪಾತ್ರೆ ತಿಕ್ಕಿದವರು ನಮ್ಮ ಮನೆಯವರು.

ನಡುವೆ ಒಂದು ಕಡೆಯಿಂದ "ಒಪ್ಪಿದ್ದೇವೆ" ಅಂತ ಫೋನ್ ಬಂದಿತ್ತು. ಪೇಡಾ ಹಂಚಿದ್ದೂ ಆಯಿತು. ಆಮೇಲೆ ಹೇಳಿದರು, ಅಚ್ಚಿನ ಖರ್ಚು 45,000 ರೂಪಾಯಿ ನಾನೇ ಕೊಡಬೇಕಂತೆ. ಆಸೆ ಎಷ್ಟಿತ್ತೆಂದರೆ ಬಳೆ ಒತ್ತೆ ಇಡಲು ತೆಗೆದಿದ್ದೆ. ನಮ್ಮ ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು, "ಬರದಾಕಿ ನೀನು. ರೊಕ್ಕಾನೂ ನೀನ ಕೊಡೂದೇನವ್ವಾ?" ಬಳೆ ವಾಪಸ್ ಕೈಗೆ ಹಾಕಿಕೊಂಡೆ. ಅತ್ತೆ, ಆ ಮಾತಿಗೆ ನಾನು ಅವತ್ತು ಏನೂ ಹೇಳಲಿಲ್ಲ. ಇವತ್ತು ಕಾಲಿಗೆ ಬೀಳುತ್ತೇನೆ.

ಕರಾರು ಓದಿ ಕೊಟ್ಟ ಹುನಗುಂದದ ವಕೀಲ ಅಣ್ಣ ಒಂದು ಪೈಸೆ ತಗೊಳ್ಳಲಿಲ್ಲ. ಮೊದಲ ಕರಡಿನಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆದಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅವಧಿ ಬರೆಯದಿದ್ದರೆ ಹಕ್ಕು ಕೊಟ್ಟದ್ದು 5 ವರ್ಷಕ್ಕೆ ಅಂತ ಲೆಕ್ಕವಂತೆ. "ಆದ್ರೂ ಬರೆಸಿಕೋ ತಂಗಿ, ಮುಂದೆ ಯಾರೂ ವಾದಿಸಬಾರದು" ಅಂದರು. ಸಿನಿಮಾ, ಆಡಿಯೋ, ಅನುವಾದದ ಹಕ್ಕು ನನ್ನ ಬಳಿಯೇ ಉಳಿಯುವ ಹಾಗೆ ಒಂದು ಸಾಲು ಸೇರಿಸಿದರು. ಕೇಳಿದರೆ ಪ್ರಕಾಶಕರು ಸಿಟ್ಟಾಗುತ್ತಾರೇನೋ ಅಂತ ನನಗೆ ಹೆದರಿಕೆ. ಅವರು ಅದೇ ದಿನ ಒಪ್ಪಿದರು. ಆ ದೊಡ್ಡ ಮನಸ್ಸಿಗೂ ನಮಸ್ಕಾರ.

ಗುರುವಾರ ಸಂಜೆ ಕರಾರು ಹಿಡಿದು ಸೀದಾ ಚಿಗವ್ವನ ಮನೆಗೆ ಹೋದೆ. ಅವಳಿಗೆ ಓದಲು ಬರಲ್ಲ. ಕೈ ಒರೆಸಿಕೊಂಡು ಕಾಗದ ಇಸಕೊಂಡು, ಸಹಿಯ ಮೇಲೆ ಬೆರಳಾಡಿಸಿ, "ಇದು ನಿಂದೇನು?" ಅಂದಳು. ಹೌದು ಅಂದೆ. ಕಾಗದ ಮಡಚಿ ನನ್ನ ಕೈಗೆ ಕೊಟ್ಟು ಕಂಡಿಕೆ ಎತ್ತಿಕೊಂಡಳು. "ಅವರಿಬ್ಬರೂ ಎಳಿ ಎಣಸ್ಕೋತ ಕುಂತಿದ್ರಲ್ಲ, ಅಲ್ಲಿಂದ ಓದು."

ಫೋನ್ ತೆಗೆದು ಕಟ್ಟೆಯ ಮೇಲೆ ಕೂತು ಓದಿದೆ.