ಮಾಸಿದ ಕಾರಿಗೆ ಪೇಂಟ್ ಹೊಡೆಸುವ ಮುಂಚೆ ಒಮ್ಮೆ ಉಜ್ಜಿ ನೋಡಿ

ಮಾನ್ಯ ಸಂಪಾದಕರೇ,

ಕಾರಿಗೆ 15 ವರ್ಷ ತುಂಬಿ ಮರುನೋಂದಣಿಯ ದಿನ ಹತ್ತಿರ ಬಂತೆಂದರೆ ವಿಜಯಪುರದಲ್ಲಿ ಎಷ್ಟೋ ಮಂದಿ ಇಡೀ ಗಾಡಿಗೆ ಹೊಸ ಪೇಂಟ್ ಹೊಡೆಸಲು ಓಡುತ್ತಾರೆ. ಬಾನೆಟ್ಟು, ಟಾಪು ಸುಣ್ಣ ಬಳಿದಂತೆ ಬಿಳಚಿಕೊಂಡಿರುತ್ತವೆ, ನಿಜ. ಆದರೆ ಅದರ ಕೆಳಗೆ ಕಂಪನಿಯ ಪೇಂಟ್ ಇನ್ನೂ ಗಟ್ಟಿಯಾಗಿರಬಹುದು. ಕಾರ್ಖಾನೆಯಲ್ಲಿ ಸುಮಾರು 140 ಡಿಗ್ರಿ ಶಾಖದಲ್ಲಿ ಕಾಯಿಸಿದ ಪದರ ಅದು. ರಬ್ಬರು, ಸೀಟು, ವೈರಿಂಗ್ ಕೂತ ಗಾಡಿಯನ್ನು ಗ್ಯಾರೇಜಿನಲ್ಲಿ ಅಷ್ಟು ಕಾಯಿಸಲು ಬರುವುದಿಲ್ಲ. ಕೆರೆದು ಹಾಕಿದರೆ ಆ ಗಟ್ಟಿತನ ಮತ್ತೆ ಸಿಗುವುದಿಲ್ಲ.

ಹೀಗೆ ಪರೀಕ್ಷಿಸಿ. ಬಿಳಿ ಬಟ್ಟೆಗೆ ತುಸು ಪಾಲಿಶ್ ಹಚ್ಚಿ ಕಣ್ಣಿಗೆ ಬೀಳದ ಜಾಗದಲ್ಲಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಅದು ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಇಲ್ಲದ ಪೇಂಟ್. ಹಳೆಯ ಅಂಬಾಸಿಡರ್, ಪದ್ಮಿನಿಗಳ ಪೇಂಟ್ ಇಂಥದ್ದು. ಬಿಸಿಲಿಗೆ ಮೇಲಿನ ರಾಳ ಸತ್ತು ಬಣ್ಣದ ಪುಡಿ ಮಾತ್ರ ಉಳಿದಿರುತ್ತದೆ. ಪುಡಿ ತೆಗೆದರೆ ಹೊಳಪು ಬರುತ್ತದೆ. ಕಾರಿನ ಬಣ್ಣ ಹತ್ತದಿದ್ದರೆ ಮೇಲೆ ಕ್ಲಿಯರ್ ಕೋಟ್ ಇದೆ ಎಂದರ್ಥ. ಅದರ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್ ಅಷ್ಟೇ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಅದು ಮಂಕಾಗಿದ್ದರೆ ಪಾಲಿಶ್‌ಗೆ ಬಗ್ಗುತ್ತದೆ. ಅಂಚು ಎದ್ದು ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿದ್ದರೆ ಬಗ್ಗುವುದಿಲ್ಲ, ಉಜ್ಜಿದಷ್ಟೂ ಹರಡುತ್ತದೆ. ಆಗಲೂ ಆ ಟಾಪನ್ನೋ ಬಾನೆಟ್ಟನ್ನೋ ಮಾತ್ರ ಪೇಂಟ್ ಮಾಡಿಸಿದರೆ ಸಾಕು, ಇಡೀ ಗಾಡಿ ಬೇಡ.

ಕೆಲಸವನ್ನು ನೆರಳಿನಲ್ಲಿ, ತಗಡು ಅಂಗೈಗೆ ತಣ್ಣಗೆ ತಾಗುವಾಗ ಮಾಡಬೇಕು. ನಮ್ಮ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ಬೆಳಗ್ಗೆ ಒಂಬತ್ತರೊಳಗೆ ಮುಗಿಸುವುದು ಲೇಸು. ಬಿಸಿ ತಗಡಿನ ಮೇಲೆ ಕಾಂಪೌಂಡ್ (ತರಿತರಿಯಾದ ಪಾಲಿಶ್) ಒಣಗಿ ಅಂಟಿಕೊಳ್ಳುತ್ತದೆ. ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಕಾರು ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿ ನೀರು ಹಾಕಿ ತೊಳೆಯಿರಿ. ಬೋರಿನ ಸವಳು ನೀರಿನ ಬಿಳಿ ಕಲೆಗಳಿದ್ದರೆ ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ಒಂದೆರಡು ನಿಮಿಷದಲ್ಲೇ ತೊಳೆದುಬಿಡಿ. ಆಮೇಲೆ ಶಾಂಪೂ ನೀರು ಸಿಂಪಡಿಸುತ್ತಾ ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ, ಜೇಡಿಯಂಥ ಮೆತ್ತನೆ ಮುದ್ದೆ) ಆಡಿಸಿ. ಕೈಗೆ ಉಸುಕಿನ ಕಾಳು ತಾಗದಂತೆ ನುಣುಪಾಗಬೇಕು. ಕ್ಲೇ ನೆಲಕ್ಕೆ ಬಿತ್ತೆಂದರೆ ಎಸೆಯಿರಿ, ತೊಳೆದು ಬಳಸಬೇಡಿ.

ರಬ್ಬರಿಗೆ, ಪ್ಲಾಸ್ಟಿಕ್‌ಗೆ, ಬಾನೆಟ್ಟಿನ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಬಫಿಂಗ್ ಮಷಿನ್ (ಪ್ಯಾಡ್ ತಿರುಗಿಸಿ ಪಾಲಿಶ್ ಉಜ್ಜುವ ಯಂತ್ರ) ಪೇಂಟನ್ನು ಸುಡುವುದು ಹೆಚ್ಚಾಗಿ ಅಂಚುಗಳಲ್ಲೇ. ಅಲ್ಲಿ ಪೇಂಟ್ ತೆಳ್ಳಗಿರುತ್ತದೆ, ಪ್ಯಾಡಿನ ಒತ್ತಡವೆಲ್ಲ ಅಲ್ಲೇ ಬೀಳುತ್ತದೆ. ಫೋಮ್ ಪ್ಯಾಡ್ ಮೇಲೆ ಕಡಲೆಕಾಳಿನಷ್ಟು ಮೂರ್ನಾಲ್ಕು ಹನಿ ಕಾಂಪೌಂಡ್ ಹಾಕಿ ಒಂದು ಸಲಕ್ಕೆ ಎರಡಡಿ ಚೌಕ ಮಾತ್ರ ಹಿಡಿಯಿರಿ. ಪ್ಯಾಡ್ ಒಂದೇ ಅಕ್ಷದಲ್ಲಿ ಸುತ್ತುವ ರೋಟರಿ ಮಷಿನ್ ಆದರೆ ವೇಗ ನಿಮಿಷಕ್ಕೆ 1000ದಿಂದ 1500 ಸುತ್ತು, ಅಡ್ಡ–ಉದ್ದ ನಾಲ್ಕು ಸಲ ಸಾಕು. ಒಂದೇ ಕಡೆ ನಿಲ್ಲಿಸಬೇಡಿ. ಮೊದಲು ಹಗುರವಾದ ಪಾಲಿಶ್‌ನಿಂದ ಒಂದು ಚೌಕ ಮಾಡಿ ನೋಡಿ, ಅದರಿಂದಾಗದಿದ್ದರೆ ಮಾತ್ರ ಕಾಂಪೌಂಡ್. ಕ್ಲಿಯರ್ ಕೋಟ್ ಇಲ್ಲದ ಪೇಂಟಿನಲ್ಲಿ ಪ್ಯಾಡ್ ಬೇಗ ಬಣ್ಣ ತುಂಬಿಕೊಂಡು ಗಟ್ಟಿಯಾಗುತ್ತದೆ, ಆಗಾಗ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ಪೇಂಟ್ ತೀರ ಒಣಗಿದ್ದರೆ ಎಣ್ಣೆ ಅಂಶದ ಗ್ಲೇಜ್ (ಪೇಂಟ್ ಸವೆಸದೆ ಹೊಳಪು ಕೊಡುವ ಲೇಪ) ಧಾರಾಳವಾಗಿ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಒರೆಸಿ ಪಾಲಿಶ್ ಹಿಡಿದರೆ ಪೇಂಟ್ ಕಡಿಮೆ ಸವೆಯುತ್ತದೆ.

ಕಾಂಪೌಂಡ್ ಆದ ಮೇಲೆ ಬೇರೆ ಪ್ಯಾಡಿನಿಂದ ಹಗುರವಾದ ಪಾಲಿಶ್, ಕೊನೆಗೆ ತೆಳ್ಳಗೆ ವ್ಯಾಕ್ಸ್. ಬೆರಳಾಡಿಸಿದರೆ ಜಿಡ್ಡು ಹತ್ತದೆ ಸ್ವಚ್ಛ ಗೆರೆ ಬಿದ್ದಾಗ ಒರೆಸಬೇಕು. ದಿನವಿಡೀ ಬಿಸಿಲಲ್ಲಿ ನಿಲ್ಲುವ ಗಾಡಿಗೆ ಎರಡು ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಬೇಕೇಬೇಕು. ಇದನ್ನು ಬಿಟ್ಟರೆ, ಅದರಲ್ಲೂ ಕೆಂಪು ಗಾಡಿ, ಬೇಗ ಮತ್ತೆ ಬಿಳಚುತ್ತದೆ.

ಕೆಲವು ವಾಷಿಂಗ್ ಸೆಂಟರ್‌ಗಳಲ್ಲಿ ತೊಳೆದ ಮೇಲೆ ಬಾಡಿಗೆ ಡೀಸೆಲ್ ಒರೆಸಿ ಕೊಡುವ ರೂಢಿ ಬಹಳ ಕೆಟ್ಟದ್ದು. ಆ ಜಿಡ್ಡಿನ ಮಿನುಗು ಎರಡು ದಿನ ನಿಲ್ಲುತ್ತದೆ. ಅಷ್ಟರಲ್ಲಿ ಧೂಳನ್ನೆಲ್ಲ ಅಂಟಿಸಿಕೊಳ್ಳುತ್ತದೆ, ಬಾಗಿಲಿನ ರಬ್ಬರ್ ಉಬ್ಬಿಸುತ್ತದೆ, ಹಚ್ಚಿದ ವ್ಯಾಕ್ಸನ್ನೂ ತೆಗೆದುಹಾಕುತ್ತದೆ. ಮರುದಿನ ಮಾಲೀಕರು ಆ ಧೂಳನ್ನು ಒಣ ಬಟ್ಟೆಯಿಂದ ಝಾಡಿಸುತ್ತಾರೆ, ಪೇಂಟ್ ತುಂಬ ಬಳೆಯಾಕಾರದ ಗೀರು ಬೀಳುತ್ತದೆ. ಧೂಳು ಕೂತ ಗಾಡಿಗೆ ಕವರ್ ಹೊದಿಸಿದರೂ ಇದೇ ಹಾನಿ, ಗಾಳಿಗೆ ಕವರ್ ಉಜ್ಜುತ್ತಲೇ ಇರುತ್ತದೆ. ವಾಷಿಂಗ್ ಸೆಂಟರ್‌ನವರು ದಯವಿಟ್ಟು ಈ ಡೀಸೆಲ್ ನಿಲ್ಲಿಸಬೇಕು. ಗಾಡಿ ತೊಳೆಯಲು ಬಿಡುವಾಗಲೇ ಮಾಲೀಕರೂ ಬೇಡವೆಂದು ಹೇಳಬೇಕು.

– ಕಾರು ಪೇಂಟಿಂಗ್ ಕೆಲಸದವರು, ವಿಜಯಪುರ